ವೇಷ ಯಾರದು, ಮುಖ ಯಾರದು?

ನಮ್ಮ ಮನೆಯಲ್ಲಿ ಮಂಚದ ಕೆಳಗಿನ ಟ್ರಂಕಿನೊಳಗೆ ಅಮ್ಮನ ಹಳೆಯ ನೋಟುಪುಸ್ತಕವೊಂದುಂಟು. ಒಂದು ಪುಟದಲ್ಲಿ ಬಿಸಿಬೇಳೆ ಹುಳಿಯನ್ನದ ಪುಡಿಯ ಅಳತೆ, ಮಗ್ಗುಲಲ್ಲೇ ಅಗಸನಿಗೆ ಹಾಕಿದ ಬಟ್ಟೆಯ ಲೆಕ್ಕ. ರಟ್ಟಿನ ಮೇಲೆ ಮಾತ್ರ ತಂದೆಯವರ ಹೆಸರು. ಅಮ್ಮನ ಹೆಸರು ಒಳಗೂ ಇಲ್ಲ, ಹೊರಗೂ ಇಲ್ಲ! ಇಷ್ಟು ವರ್ಷ ಕಣ್ಣಿಗೆ ಬೀಳದ ಈ ಸಂಗತಿ ಹೊಳೆದದ್ದು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಕೆಲಸದ ಪರಿಚಯವಾದ ಮೇಲೆ.

1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು ಬರೋಡೆಯಲ್ಲಿ ಶಿಲ್ಪಕಲೆ ಕಲಿತವರು. ಮಣ್ಣಿನಲ್ಲಿ ಮೂರ್ತಿ ಮಾಡುತ್ತಿದ್ದವರು ತೊಂಬತ್ತರ ದಶಕದ ನಡುವೆ ತಾವೇ ವೇಷ ಕಟ್ಟಿ ಕ್ಯಾಮೆರಾದ ಮುಂದೆ ನಿಂತರು. ನಮ್ಮ ಮುಂಬಯಿಯಲ್ಲೇ 1996ರಿಂದ 98ರವರೆಗೆ ತೆಗೆಸಿದ ‘ಫ್ಯಾಂಟಮ್ ಲೇಡಿ’ ಎಂಬ ಚಿತ್ರಮಾಲೆಯಲ್ಲಿ ಮುಖವಾಡ ತೊಟ್ಟ ಸಾಹಸಿಯೂ ಅವರೇ, ಆಕೆಯ ಅವಳಿ ಸೋದರಿಯೂ ಅವರೇ. 1935ರ ‘ಹಂಟರ್‌ವಾಲಿ’ಯಲ್ಲಿ ಚಾವಟಿ ಬೀಸಿದ ನಾಡಿಯಾಳನ್ನು ಬಲ್ಲ ಹಿರಿಯರಿಗೆ ಆ ಮುಖವಾಡದ ಗುರುತು ಸಿಕ್ಕೀತು.

ನನ್ನನ್ನು ಹೆಚ್ಚು ಕಾಡಿದ್ದು 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ಮಾಡಿದ ‘ದಕ್ಷಿಣ ಭಾರತದ ದೇಶೀ ಸ್ತ್ರೀಯರು’ ಎಂಬ ಮಾಲೆ. ಹೆಸರೇ ಹಳೆಯ ದೊರೆಗಳ ಕಾಲದ ಗ್ರಂಥದಂತಿದೆ. ರವಿವರ್ಮನ ಲಕ್ಷ್ಮಿ, ಬಿಜಾಪುರದ ಹಳೆಯ ಚಿತ್ರದ ಯೋಗಿನಿ, ಚೌಕಳಿ ಪರದೆಯ ಮುಂದೆ ಅಳತೆಗೆ ನಿಲ್ಲಿಸಿದ ತೋಡ ಹೆಂಗಸು, ಪತ್ರಿಕೆಯಲ್ಲಿ ಬಂದ ಕಳ್ಳಿಯರು: ಪ್ರತಿಯೊಂದನ್ನೂ ಪರದೆ, ಸೀರೆ, ಒಡವೆ ಸಹಿತ ಮತ್ತೆ ಕಟ್ಟಿ, ನಡುವೆ ತಾವೇ ನಿಂತಿದ್ದಾರೆ. ದೇವಿಯಾಗಿ ನಿಂತ ಮುಖವೇ ಕಳ್ಳಿಯಾಗಿಯೂ ನಿಲ್ಲುತ್ತದೆ. ಹಾಗಾದರೆ ‘ಹೆಣ್ಣು ಹೀಗೆಯೇ’ ಎಂದದ್ದು ಆ ಮುಖವೋ, ಸುತ್ತಲಿನ ಪರದೆಯೋ? ನಲವತ್ತು ವರ್ಷ ಈ ಊರಲ್ಲಿ ‘ಮದ್ರಾಸಿ’ ಎನ್ನಿಸಿಕೊಂಡ ನಮಗೆ ಈ ಪ್ರಶ್ನೆ ತುಸು ಚುಚ್ಚುತ್ತದೆ. ತೋಡ ಹೆಂಗಸಿನ ವೇಷವನ್ನು ಪಟ್ಟಣದ ಕಲಾವಿದೆ ತೊಡಬಹುದೇ ಎಂಬ ಸಂಶಯ ನನಗಿದೆ, ಅದನ್ನು ಮುಚ್ಚಿಡಲಾರೆ.

ಇನ್ನು ನೋಟುಪುಸ್ತಕದ ಮಾತು. 2004ರ ‘ರಾಷ್ಟ್ರೀಯ ಖೀರ್ ಮತ್ತು ದೇಸೀ ಸಲಾಡ್’ ಕಪ್ಪುಬಿಳುಪಿನ ವಿಡಿಯೋ ಚಿತ್ರ. ಅದರ ಮೂಲ ಅವರ ತಾಯಿ ಮತ್ತು ಅತ್ತೆಯವರು ಐವತ್ತು-ಅರವತ್ತರ ದಶಕಗಳಲ್ಲಿ ಬರೆದಿಟ್ಟ ಅಡುಗೆಯ ಪುಸ್ತಕಗಳು. ಹೊಸದಾಗಿ ಸ್ವತಂತ್ರವಾದ ದೇಶದ ಆದರ್ಶ ಕುಟುಂಬವೊಂದು ಮೂಕಿ ಚಿತ್ರದ ಹಾಸ್ಯದಲ್ಲಿ ಕರಿಹಲಗೆಯ ಮುಂದೆ ಬಂದು ಬರೆದು ಹೋಗುತ್ತದೆ. ಖೀರು ರಾಷ್ಟ್ರೀಯವಾದದ್ದು ಯಾವಾಗ, ಸಲಾಡು ದೇಸಿಯಾದದ್ದು ಹೇಗೆ ಎಂದು ನಗು ಬಂದರೂ, ಹೆಂಡತಿ ಎಂಬ ಪಾತ್ರಕ್ಕೂ ಒಂದು ಪಾಕವಿಧಾನವಿತ್ತಲ್ಲ ಎಂದು ಅನ್ನಿಸದಿರದು.

ಮೊನ್ನೆ ಮಗಳಿಗೆ ಈ ಕಥೆ ಹೇಳಿದೆ. ಅವಳು ಪೆನ್ಸಿಲು ಹಿಡಿದು ಟ್ರಂಕಿನ ಮುಂದೆ ಕೂತಳು. “ರಟ್ಟಿನ ಮೇಲೆ ಅಜ್ಜಿಯ ಯಾವ ಹೆಸರು ಬರೆಯಲಮ್ಮಾ? ತವರಿನದೋ, ಮದುವೆಯ ದಿನ ಅಕ್ಕಿಯಲ್ಲಿ ಬರೆದು ಇಟ್ಟದ್ದೋ?”

ತವರಿನ ಹೆಸರು ನೆನಪಿಗೆ ಬರಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.