ಫೈರ್‌ಪ್ಲೇಸ್ ಮೇಲೆ ಟಿವಿ: ವೈರ್ ಅಡಗಿಸೋ ಮುಂಚೆ ಇದನ್ನ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಹುಟ್ಟಿದ್ದು ನಮ್ಮಪ್ಪನ ಕುತ್ತಿಗೆ ನೋವಿನಿಂದ.

ಕಳೆದ ಚಳಿಗಾಲದಲ್ಲಿ ಅಪ್ಪ ಆರು ತಿಂಗಳಿಗೆ ಅಂತ ಅಕ್ಕನ ಮನೆಗೆ ಹೋಗಿದ್ರು, ಅಮೆರಿಕದ ಮಿಷಿಗನ್‌ಗೆ. ಮೂರನೇ ವಾರಕ್ಕೇ ವಿಡಿಯೋ ಕಾಲ್‌ನಲ್ಲಿ ದೂರು ಶುರುವಾಯ್ತು: "ಟಿವಿ ನೋಡಿ ನೋಡಿ ಕುತ್ತಿಗೆ ಹಿಡ್ಕೊಂಡಿದೆ ಕಣೋ. ದೇವರ ಫೋಟೋ ನೋಡೋ ಹಾಗೆ ತಲೆ ಎತ್ಕೊಂಡು ಕೂರ್ಬೇಕು."

ಅಕ್ಕ ಫೋನ್ ತಿರುಗಿಸಿ ತೋರಿಸಿದಳು. ಗ್ಯಾಸ್ ಫೈರ್‌ಪ್ಲೇಸ್, ಅದರ ಮೇಲೆ ಮ್ಯಾಂಟಲ್ ಅನ್ನೋ ಮರದ ಹಲಗೆ, ಅದರ ಮೇಲೆ 55 ಇಂಚಿನ ಟಿವಿ. ಒಂದು ವೈರೂ ಕಾಣ್ತಿರಲಿಲ್ಲ. "ವೈರೆಲ್ಲ ಎಲ್ಲಿ ಹೋಯ್ತಕ್ಕ?" ಅಂದೆ. "ಗೋಡೆ ಒಳಗಿದೆ. ಟಿವಿ ಹಾಕೋಕೆ ಬಂದವನು ಎರಡು ತೂತು ಕೊರೆದು ಇಳಿಬಿಟ್ಟ. ಅರ್ಧ ಗಂಟೆ ಕೆಲಸ," ಅಂದಳು.

ಒಂದು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಇದನ್ನು ನೋಡಿ, ಮೊದಲು ಪ್ಲಗ್ ಕೀಳಿ ಅಂದನಂತೆ. ಗೋಡೆಯಿಂದ ಎಳೆದು ತೆಗೆದಾಗ ಟಿವಿಯ ಕಾರ್ಡ್‌ಗೆ ಒಂದು ಎಕ್ಸ್‌ಟೆನ್ಷನ್ ಕಾರ್ಡ್ ಜೋಡಿಸಿತ್ತು. ಆ ಜೋಡಣೆಯ ಹತ್ತಿರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಆ ಗೋಡೆಯ ನೇರ ಮೇಲಿನ ಕೋಣೆಯಲ್ಲಿ ಅಕ್ಕನ ಮಕ್ಕಳಿಬ್ಬರು ಮಲಗ್ತಾರೆ.

ನಾನು ಬಿಕಾಂ ಓದಿದವನು, ಎಲೆಕ್ಟ್ರಿಷಿಯನ್ ಅಲ್ಲ. ಆದ್ರೆ ಅದಾದ ಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅಮೆರಿಕ, ಕೆನಡಾದಲ್ಲಿರೋ ನಮ್ಮ ಕೇಳುಗರಿಗೆ ಇದು ನೇರವಾಗಿ ಬೇಕಾಗುತ್ತೆ, ಅಲ್ಲಿ ಅಣ್ಣನೋ ಮಗಳೋ ಇರೋರು ಅವರಿಗೆ ಕಳಿಸಿ.

ಯಾಕೆ ಎಲ್ಲರೂ ಅಲ್ಲೇ ಹಾಕ್ತಾರೆ?

ನಮ್ಮ ಕಡೆ ಕೊಡಗು, ಚಿಕ್ಕಮಗಳೂರಿನ ಹಳೇ ಎಸ್ಟೇಟ್ ಬಂಗಲೆಗಳನ್ನ ಬಿಟ್ರೆ ಅಗ್ಗಿಷ್ಟಿಕೆ ನೋಡಿದವರೇ ಕಮ್ಮಿ. ಅಮೆರಿಕದ ಎಷ್ಟೋ ಮನೆಗಳಲ್ಲಿ ಹಾಲ್‌ನ ಮುಖ್ಯ ಗೋಡೆಯೇ ಅದು. ಸೋಫಾ ಅದಕ್ಕೆ ಎದುರಾಗಿರುತ್ತೆ. ಟಿವಿಗೂ ಅದೇ ಗೋಡೆ ಬೇಕು. ಹಾಗಾಗಿ ಒಂದರ ಮೇಲೊಂದು.

ಮೊದಲ ಲೆಕ್ಕ: ಎತ್ತರ

ಸೋಫಾ ಮೇಲೆ ಕೂತಾಗ ನಮ್ಮ ಕಣ್ಣು ನೆಲದಿಂದ ಸುಮಾರು 42 ಇಂಚು ಎತ್ತರದಲ್ಲಿರುತ್ತೆ. ಮ್ಯಾಂಟಲ್ 54 ಇಂಚಿನಲ್ಲಿದೆ ಅಂದ್ಕೊಳ್ಳಿ. ಅದರ ಮೇಲೆ 4 ಇಂಚು ಜಾಗ ಬಿಟ್ಟು 55 ಇಂಚಿನ ಟಿವಿ ಹಾಕಿದ್ರೆ, ಪರದೆಯ ಮಧ್ಯಭಾಗ ಸುಮಾರು 72 ಇಂಚಿಗೆ ಬರುತ್ತೆ. ಅಂದ್ರೆ ಕಣ್ಣಿಗಿಂತ ಎರಡೂವರೆ ಅಡಿ ಮೇಲೆ.

8 ಅಡಿ ದೂರದಲ್ಲಿ ಕೂತ್ರೆ ಸುಮಾರು 17 ಡಿಗ್ರಿ ಮೇಲಕ್ಕೆ ನೋಡ್ಬೇಕು. 10 ಅಡಿಯಲ್ಲಿ 14, 12 ಅಡಿಯಲ್ಲಿ 12 ಡಿಗ್ರಿ. ಹೋಮ್ ಥಿಯೇಟರ್‌ನವರು ಸಾಮಾನ್ಯವಾಗಿ ಹೇಳೋ ಮಿತಿ 15 ಡಿಗ್ರಿ. ಅಪ್ಪ ಕೂರ್ತಿದ್ದದ್ದು 8 ಅಡಿಯಲ್ಲಿ, ಅದೂ ದಿನಕ್ಕೆ ಮೂರು ಗಂಟೆ. ಕುತ್ತಿಗೆ ಹಿಡ್ಕೊಳ್ಳದೆ ಇನ್ನೇನಾಗುತ್ತೆ? ಟಿವಿಯನ್ನ ಕೆಳಮುಖ ಬಾಗಿಸೋ ಟಿಲ್ಟ್ ಮೌಂಟ್ ಹಾಕಿದ್ರೆ ಚಿತ್ರ ಚೆನ್ನಾಗಿ ಕಾಣುತ್ತೆ, ಆದ್ರೆ ತಲೆ ಎತ್ತೋದು ತಪ್ಪಲ್ಲ. ಸೋಫಾ ಹಿಂದಕ್ಕೆ ಸರಿಸೋದೇ ಖರ್ಚಿಲ್ಲದ ಪರಿಹಾರ.

ಎರಡನೇ ಲೆಕ್ಕ: ಶಾಖ

ಟಿವಿ ಮ್ಯಾನ್ಯುವಲ್ ತೆಗೆದು ನೋಡಿ. ಕೆಲಸ ಮಾಡುವಾಗ ಸುತ್ತಲಿನ ತಾಪಮಾನ ಗರಿಷ್ಠ 40 ಡಿಗ್ರಿ ಸೆಲ್ಸಿಯಸ್ ಅಂತ ಬಹುತೇಕ ಟಿವಿಗಳಲ್ಲಿ ಬರೆದಿರುತ್ತೆ. ಫ್ಯಾರನ್‌ಹೀಟ್‌ನಲ್ಲಿ 104. ಬಿಸಿಗಾಳಿ ಮೇಲಕ್ಕೇ ಏರುತ್ತೆ, ಮೇಲೆ ಇರೋದು ನಿಮ್ಮ ಟಿವಿ.

ಪರೀಕ್ಷೆ ಸುಲಭ. ಟಿವಿ ಬರೋ ಜಾಗದಲ್ಲಿ, ಅದರ ಕೆಳ ಅಂಚು ಬರೋ ಕಡೆ, ಒಂದು ಥರ್ಮಾಮೀಟರ್ ಟೇಪ್ ಹಾಕಿ ಅಂಟಿಸಿ. ಫೈರ್‌ಪ್ಲೇಸ್ ಹಚ್ಚಿ ಎರಡು ಗಂಟೆ ಬಿಡಿ, ಆಮೇಲೆ ಓದಿ. 40 ದಾಟಿದ್ರೆ ಆ ಜಾಗ ಬೇಡ. ಮ್ಯಾಂಟಲ್ ಅಗಲವಾಗಿದ್ರೆ ಬಿಸಿಗಾಳಿಯನ್ನ ಮುಂದಕ್ಕೆ ತಳ್ಳುತ್ತೆ, ಆಗ ಗೋಡೆ ತಣ್ಣಗಿರಬಹುದು. ಫೈರ್‌ಪ್ಲೇಸ್‌ನ ಮ್ಯಾನ್ಯುವಲ್‌ನಲ್ಲೂ ಯಾವ ವಸ್ತು ಎಷ್ಟು ದೂರ ಇರ್ಬೇಕು ಅಂತ ಕೊಟ್ಟಿರ್ತಾರೆ, ಅದನ್ನೂ ನೋಡಿ.

ಅಕ್ಕನ ಮನೆಯಲ್ಲಿ ಬಂದದ್ದು 112 ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 44 ಡಿಗ್ರಿ.

ನಮ್ಮ ಗೋಡೆ ಬೇರೆ, ಅಲ್ಲಿನ ಗೋಡೆ ಬೇರೆ

ನಾವು ಎಡವೋದು ಇಲ್ಲೇ. ನಮ್ಮಲ್ಲಿ ಗೋಡೆ ಅಂದ್ರೆ ಇಟ್ಟಿಗೆ, ಸಿಮೆಂಟು. ಎಲ್ಲಿ ಬೇಕಾದ್ರೂ ಡ್ರಿಲ್ ಮಾಡಿ ಪ್ಲಗ್ ಹೊಡೆದು ಸ್ಕ್ರೂ ಬಿಗಿದ್ರೆ ಆಯ್ತು. ವೈರ್ ಮುಚ್ಚಬೇಕಾದ್ರೆ ಗೋಡೆ ಕೊರೆದು, ಪಿವಿಸಿ ಪೈಪ್ ಕೂರಿಸಿ, ಪ್ಲಾಸ್ಟರ್ ಮಾಡ್ತೀವಿ.

ಅಲ್ಲಿ ಬಹಳಷ್ಟು ಮನೆಗಳ ಗೋಡೆ ಪೊಳ್ಳು. ಮುಂದೆ ಅರ್ಧ ಇಂಚಿನ ಡ್ರೈವಾಲ್ ಹಲಗೆ, ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ, ಅದಕ್ಕೆ ಸ್ಟಡ್ ಅಂತಾರೆ. 15-20 ಕೆಜಿ ಟಿವಿಯ ಭಾರ ಬರೀ ಡ್ರೈವಾಲ್ ಮೇಲೆ ಬಿಡ್ಬೇಡಿ. ಸ್ಟಡ್ ಫೈಂಡರ್ ಹಿಡಿದು ಕನಿಷ್ಠ ಎರಡು ಸ್ಟಡ್ ಹುಡುಕಿ, ಬೋಲ್ಟ್ ಅವುಗಳ ಮಧ್ಯಕ್ಕೇ ಹೋಗ್ಬೇಕು.

ಫೈರ್‌ಪ್ಲೇಸ್ ಮೇಲಿನ ಪೊಳ್ಳಿನಲ್ಲಿ ಇನ್ನೊಂದು ಅಪಾಯ ಇದೆ. ಹೊಗೆ ಹೊರಹಾಕೋ ಲೋಹದ ಪೈಪ್ ಅಲ್ಲಿಂದಲೇ ಹೋಗಿರಬಹುದು. ಅದು ಎಲ್ಲಿದೆ ಅಂತ ಖಚಿತವಾಗದೆ ಡ್ರಿಲ್ ಇಡ್ಬೇಡಿ, ಯಾವ ವೈರನ್ನೂ ಅದರ ಹತ್ತಿರ ಬಿಡ್ಬೇಡಿ.

ವೈರ್ ಅಡಗಿಸೋದು ಹೇಗೆ?

ಗೋಡೆ ಪೊಳ್ಳಾಗಿರೋದೇ ಆಸೆ ಹುಟ್ಟಿಸುತ್ತೆ: ಮೇಲೊಂದು ತೂತು, ಕೆಳಗೊಂದು ತೂತು, ಕಾರ್ಡ್ ಇಳಿಬಿಡು. ಟಿವಿ ಜೊತೆ ಬರೋ ಪವರ್ ಕಾರ್ಡ್‌ಗೆ ಇದು ನಿಷಿದ್ಧ. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 400.12ನೇ ವಿಧಿ ಬಳುಕುವ ಕಾರ್ಡ್‌ಗಳನ್ನ ಗೋಡೆಯೊಳಗೆ ಮುಚ್ಚಿಡಬಾರದು ಅನ್ನುತ್ತೆ. ಕಾರಣ ಸರಳ. ಕಾರ್ಡ್ ಸವೆದ್ರೆ, ಬಿಸಿಯಾದ್ರೆ, ಇಲಿ ಕಡಿದ್ರೆ ನಿಮಗೆ ಕಾಣಲ್ಲ. ಹೊರಗಿದ್ದಿದ್ರೆ ಕೈಗೆ ಬಿಸಿ ತಾಗ್ತಿತ್ತು, ಕಣ್ಣಿಗೆ ಬೀಳ್ತಿತ್ತು.

ಸರಿಯಾದ ದಾರಿ ಮೂರು.

ಒಂದು, ಎಲೆಕ್ಟ್ರಿಷಿಯನ್ ಕರೆಸಿ ಟಿವಿ ಹಿಂದೆಯೇ, ಗೋಡೆಯೊಳಗೆ ತಗ್ಗಾಗಿ ಕೂರೋ ಒಂದು ಹೊಸ ಔಟ್‌ಲೆಟ್ ಹಾಕಿಸೋದು. ಕಾರ್ಡ್ ಗೋಡೆಯೊಳಗೆ ಹೋಗೋದೇ ಇಲ್ಲ. ನಿಮ್ಮ ಊರಲ್ಲಿ ಪರ್ಮಿಟ್ ಬೇಕಾ ಅಂತ ಮೊದಲೇ ಕೇಳಿ.

ಎರಡು, ಇನ್-ವಾಲ್ ಪವರ್ ಕಿಟ್. ಮೇಲೊಂದು, ಕೆಳಗೊಂದು ಬಾಕ್ಸ್ ಇರುತ್ತೆ. ಅವೆರಡರ ಮಧ್ಯೆ ಗೋಡೆಯೊಳಗೆ ಇರೋಕೆ ಅಂತಲೇ ಮಾಡಿದ ಕೇಬಲ್ ಹೋಗುತ್ತೆ. ಕೆಳಗಿನ ಬಾಕ್ಸ್‌ನಿಂದ ಪಕ್ಕದ ಔಟ್‌ಲೆಟ್‌ಗೆ ಪ್ಲಗ್. ಇದನ್ನ ಹೊಗೆ ಪೈಪ್ ಇಲ್ಲದ ಪೊಳ್ಳಿನಲ್ಲಿ ಮಾತ್ರ ಬಳಸಿ.

ಮೂರು, ಗೋಡೆ ಮೇಲೇ ಅಂಟಿಸೋ ರೇಸ್‌ವೇ ಪಟ್ಟಿ, ನಮ್ಮಲ್ಲಿ ಕೇಸಿಂಗ್ ಅಂತಾರಲ್ಲ ಅದೇ. ಗೋಡೆ ಬಣ್ಣವನ್ನೇ ಬಳಿದ್ರೆ ಎದ್ದು ಕಾಣಲ್ಲ. ಬಾಡಿಗೆ ಮನೆಗೆ, ಇಟ್ಟಿಗೆ ಚಿಮಣಿಗೆ ಇದೇ ವಾಸಿ.

ಎಚ್‌ಡಿಎಂಐ ಕೇಬಲ್‌ನ ಕಥೆ ಬೇರೆ. ಅದು ಗೋಡೆಯೊಳಗೆ ಹೋಗಬಹುದು, ಆದ್ರೆ ಮೇಲೆ ಸಿಎಲ್-2 ಅಥವಾ ಸಿಎಲ್-3 ಅಂತ ಗುರುತಿರಬೇಕು. ಬರೀ ಕೇಬಲ್ ಬಿಡೋ ಬದಲು ಎರಡು ಇಂಚಿನ ಪೈಪ್ ಇಳಿಸಿ, ಜೊತೆಗೊಂದು ದಾರ ಬಿಟ್ಟಿರಿ. ಐದು ವರ್ಷದ ಮೇಲೆ ಹೊಸ ಕೇಬಲ್ ಬಂದ್ರೆ ಗೋಡೆ ಒಡೆಯದೆ ಎಳೆದುಕೊಳ್ಳಬಹುದು.

ಕೊನೆಗೆ

ಕಾಮರ್ಸ್‌ನವನ ಭಾಷೆಯಲ್ಲಿ ಹೇಳ್ತೀನಿ. ವೈರ್ ಕಾಣದಂತೆ ಮಾಡೋದು ತಪ್ಪಲ್ಲ. ಆದ್ರೆ ಅಕೌಂಟ್ಸ್‌ನಲ್ಲಿ ಸಾಲ ಬಚ್ಚಿಟ್ರೆ ಅದು ತೀರಲ್ಲ, ಬಡ್ಡಿ ಬೆಳೀತಾ ಇರುತ್ತೆ. ಗೋಡೆಯೊಳಗೆ ಬಚ್ಚಿಟ್ಟ ಕಾರ್ಡೂ ಹಾಗೇ. ಯಾರಾದ್ರೂ ಅರ್ಧ ಗಂಟೆಯಲ್ಲಿ ವೈರ್ ಮಾಯ ಮಾಡಿಕೊಟ್ರೆ ಒಂದೇ ಪ್ರಶ್ನೆ ಕೇಳಿ: "ಒಳಗಡೆ ಹೋಗಿರೋದು ಯಾವ ಕೇಬಲ್?" ನೀವು ಈಗಾಗಲೇ ಹಾಕಿಸಿದ್ರೆ ಇವತ್ತೇ ಟಿವಿ ಹಿಂದೆ ಇಣುಕಿ ನೋಡಿ. ಟಿವಿಯ ಕಾರ್ಡೇ ಗೋಡೆ ತೂತಿನೊಳಗೆ ಹೋಗಿದ್ರೆ ಪ್ಲಗ್ ತೆಗೆದಿಟ್ಟು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಅಕ್ಕ ಟಿವಿಯನ್ನ ಪಕ್ಕದ ಗೋಡೆಗೆ ಇಳಿಸಿದಳು, ಹೊಸ ಔಟ್‌ಲೆಟ್ ಹಾಕಿಸಿ. ಸೋಫಾ ತಿರುಗಿತು. ಮ್ಯಾಂಟಲ್ ಮೇಲೆ ಈಗ ಚನ್ನಪಟ್ಟಣದ ಗೊಂಬೆಗಳಿವೆ. ಅಪ್ಪನಿಗೆ ಫೋನ್ ಮಾಡಿ ಕುತ್ತಿಗೆ ಹೇಗಿದೆ ಅಂತ ಕೇಳಿದೆ. "ಕುತ್ತಿಗೆ ಸರಿ ಹೋಯ್ತು ಕಣೋ, ಆ ಸೀರಿಯಲ್ ಕಥೆ ಮಾತ್ರ ಇನ್ನೂ ಅಲ್ಲೇ ಇದೆ," ಅಂದ್ರು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿರಿ.