ಕರ್ತೃ ಯಾರು, ಕರಣ ಯಾವುದು?

‘ರಾಮನು ಕೊಡಲಿಯಿಂದ ಮರವನ್ನು ಕಡಿದನು’ ಎಂಬ ವಾಕ್ಯವನ್ನು ನಾವೆಲ್ಲರೂ ವ್ಯಾಕರಣದ ಪಾಠದಲ್ಲಿ ಓದಿದವರೇ. ರಾಮನು ಕರ್ತೃ, ಕೊಡಲಿ ಕರಣ. ಮರವು ನೆರೆಯವನದಾಗಿದ್ದರೆ ಪಂಚಾಯಿತಿಗೆ ಕರೆಸುವುದು ಕೊಡಲಿಯನ್ನಲ್ಲ, ರಾಮನನ್ನು. ಕೃತಕ ಬುದ್ಧಿಮತ್ತೆಯ ನೆರವಿನಿಂದ ಚಿತ್ರ, ವಿಡಿಯೋಗಳನ್ನು ತಯಾರಿಸಿ ಮಾರುವ ಇಂದಿನ ಉದ್ಯೋಗಕ್ಕೂ ಈ ವಿವೇಚನೆಯೇ ಅಡಿಪಾಯವಾಗಬೇಕು.

ನಮ್ಮ ಅನೇಕ ಯುವಜನರು ಫೋಟೋ ಸ್ಟುಡಿಯೋ, ಫ್ಲೆಕ್ಸ್ ಮುದ್ರಣ, ಜಾಹೀರಾತು ವಿನ್ಯಾಸಗಳಲ್ಲಿ ಬದುಕು ಕಟ್ಟಿಕೊಂಡಿದ್ದಾರೆ. ದಿನವಿಡೀ ಹಿಡಿಯುತ್ತಿದ್ದ ಕೆಲಸ ಈಗ ನಿಮಿಷಗಳಲ್ಲಿ ಮುಗಿಯುತ್ತದೆ. ಅಂತಹ ಉಪಕರಣವನ್ನು ತಿರಸ್ಕರಿಸುವುದು ವಿವೇಕವಲ್ಲ. ಆದರೆ ಗಿರಾಕಿಯ ಕೈಗೆ ಚಿತ್ರವನ್ನು ಒಪ್ಪಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅಗತ್ಯ.

ಮೊದಲನೆಯದು, ಈ ಮುಖ ಯಾರದು? 2023ರ ಮಾರ್ಚ್‌ನಲ್ಲಿ ಜಗದ್ಗುರು ಫ್ರಾನ್ಸಿಸರು ಬಿಳಿಯ ದಪ್ಪ ಚಳಿಯಂಗಿ ತೊಟ್ಟಂತಿದ್ದ ಚಿತ್ರವನ್ನು ಅನೇಕರು ನಿಜವೆಂದೇ ನಂಬಿದರು. ಅದು ಮಿಡ್‌ಜರ್ನಿ ಎಂಬ ಉಪಕರಣದಿಂದ ಹುಟ್ಟಿದ್ದು. ತಾವೂ ಇಂತಹ ನಕಲಿಗೆ ವಸ್ತುವಾದುದನ್ನು ಅವರು 2024ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಪ್ರಸ್ತಾಪಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟು ನಟ ಅನಿಲ್ ಕಪೂರ್ ಅವರ ಹೆಸರು, ರೂಪ, ಧ್ವನಿಗಳನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸದಂತೆ ತಡೆಯಾಜ್ಞೆ ನೀಡಿತು. ನಟನಿಗೆ ವಕೀಲರಿದ್ದಾರೆ, ಮದುವೆಯ ಆಲ್ಬಮ್‌ಗಾಗಿ ಕ್ಯಾಮೆರಾದ ಮುಂದೆ ಕುಳಿತ ವಧುವಿಗೆ ಛಾಯಾಗ್ರಾಹಕನ ನಂಬಿಕೆಯೊಂದೇ ರಕ್ಷಣೆ. ಅವಳನ್ನು ಕೇಳದೆ ಅವಳ ಚಿತ್ರವನ್ನು ಯಾವುದೋ ಉಚಿತ ತಾಣಕ್ಕೆ ಏರಿಸಬಾರದು. ಜಾಹೀರಾತಿಗೆ ಬೇಕಾದರೆ ಲಿಖಿತ ಒಪ್ಪಿಗೆ ಪಡೆಯಬೇಕು; ಮಕ್ಕಳ ಚಿತ್ರವಾದರೆ ಹೆತ್ತವರಿಂದ.

ಎರಡನೆಯದು, ಈ ಕೃತಿ ಯಾರದು? 2025ರ ಜೂನ್‌ನಲ್ಲಿ ಡಿಸ್ನಿ ಮತ್ತು ಯೂನಿವರ್ಸಲ್ ಸಂಸ್ಥೆಗಳು ತಮ್ಮ ಪಾತ್ರಗಳನ್ನು ನಕಲಿಸಿದ ಆರೋಪದ ಮೇಲೆ ಮಿಡ್‌ಜರ್ನಿಯ ವಿರುದ್ಧ ಮೊಕದ್ದಮೆ ಹೂಡಿದವು. ಆದುದರಿಂದ ಹೆಸರಾಂತ ಕಾರ್ಟೂನ್ ಪಾತ್ರವನ್ನಾಗಲಿ, ಇಂದಿನ ಕಲಾವಿದರೊಬ್ಬರ ಶೈಲಿಯನ್ನಾಗಲಿ ಹೆಸರಿಸಿ ಯಂತ್ರದಿಂದ ಬರೆಸಿ ಮಾರುವುದು ಅಪಾಯಕರ. ಇದಕ್ಕೆ ಇನ್ನೊಂದು ಮುಖವೂ ಉಂಟು. 2023ರ ಫೆಬ್ರವರಿಯಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿಯು ಒಂದು ಚಿತ್ರಕಥಾ ಪುಸ್ತಕದ ಬರಹಕ್ಕೂ ಜೋಡಣೆಗೂ ಲೇಖಕಿಯ ಹಕ್ಕನ್ನು ಮಾನ್ಯಮಾಡಿತು; ಯಂತ್ರ ಬರೆದ ಚಿತ್ರಗಳಿಗೆ ಮಾತ್ರ ನಿರಾಕರಿಸಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಾದರೋ ಗಣಕಯಂತ್ರದಿಂದಾದ ಕೃತಿಗೆ ಅದನ್ನು ಮಾಡಿಸಿದ ವ್ಯಕ್ತಿಯೇ ಕರ್ತೃವೆನ್ನುತ್ತದೆ. ಅಂಗಡಿಯ ಲಾಂಛನದಂತೆ ಗಿರಾಕಿಗೆ ಸ್ವಂತದ್ದೇ ಆಗಬೇಕಾದುದನ್ನು ಕೈಯಿಂದ ರಚಿಸಿ, ಕರಡುಗಳನ್ನು ಕಾಪಾಡುವುದು ಕ್ಷೇಮ. ಬಳಸುವ ಉಪಕರಣದ ಷರತ್ತುಗಳು ವಾಣಿಜ್ಯ ಬಳಕೆಗೆ ಒಪ್ಪುತ್ತವೆಯೇ ಎಂಬುದನ್ನೂ ಮೊದಲೇ ಓದಿಕೊಳ್ಳಬೇಕು.

ಮೂರನೆಯದು, ಈ ಚಿತ್ರ ನೋಡುಗನಿಗೆ ಸುಳ್ಳು ಹೇಳುತ್ತದೆಯೇ? ಆಮಂತ್ರಣ ಪತ್ರಿಕೆಯ ಮೇಲೆ ಕಲ್ಪನೆಯ ಹೂದೋಟವಿದ್ದರೆ ಯಾರಿಗೂ ನಷ್ಟವಿಲ್ಲ. ಇಲ್ಲದ ಮನೆಯನ್ನು ಕಟ್ಟಿ ಮುಗಿದಂತೆಯೂ, ಔಷಧಿ ಸೇವಿಸದವನನ್ನು ಗುಣಮುಖನಾದಂತೆಯೂ ತೋರಿಸಿದರೆ ಅದು ವಂಚನೆ. ಬಡವನೊಬ್ಬನ ಉಳಿತಾಯ ಆ ಚಿತ್ರವನ್ನು ನಂಬಿ ಕರಗಬಹುದು. ‘ಕೃತಕ ಬುದ್ಧಿಮತ್ತೆಯಿಂದ ರಚಿತ’ ಎಂದು ಗಿರಾಕಿಗೂ ತಿಳಿಸಿ, ಚಿತ್ರದ ಮೇಲೂ ಮುದ್ರಿಸುವುದು ಪ್ರಾಮಾಣಿಕ ಮಾರ್ಗ. ಆದರೆ ಸುಳ್ಳಿನ ಮೇಲೆ ಈ ಮಾತನ್ನು ಅಚ್ಚುಹಾಕಿದ ಮಾತ್ರಕ್ಕೆ ಸುಳ್ಳು ಸತ್ಯವಾಗದು.

ಪ್ರಿಯ ಹೆತ್ತವರೇ, ಮಗನೋ ಮಗಳೋ ಈ ಉದ್ಯೋಗದಲ್ಲಿದ್ದರೆ ತಿಂಗಳ ಸಂಪಾದನೆಯನ್ನು ವಿಚಾರಿಸುವಂತೆಯೇ ಈ ಮೂರು ಪ್ರಶ್ನೆಗಳನ್ನೂ ವಿಚಾರಿಸಿರಿ. ಹಣ ಪಡೆದ ರಸೀದಿಯಲ್ಲಿ ಯಂತ್ರದ ಹೆಸರಿರುವುದಿಲ್ಲ. ನಿಮ್ಮ ಮಕ್ಕಳ ಹೆಸರಿರುತ್ತದೆ.