ಮುಂಬಯಿ ಮಳೆಯ ಎರಡು ಅಂಕಿಗಳು

ನಮ್ಮಲ್ಲಿ ಬಹುಮಂದಿ ದುಡಿಯುವುದು ಫೋರ್ಟ್ ಕಡೆ, ಮಲಗುವುದು ಉಪನಗರದಲ್ಲಿ. ಆದುದರಿಂದ ಮುಂಬಯಿಯ ಮಳೆಯ ವರದಿಯಲ್ಲಿ ನಾವು ಎರಡು ಅಂಕಿಗಳನ್ನು ನೋಡಬೇಕು: ದಕ್ಷಿಣದ ಕೊಲಾಬಾದ್ದೊಂದು, ಉಪನಗರದ ಸಾಂತಾಕ್ರೂಜ್‌ನದೊಂದು.

ಬಿದ್ದ ನೀರು ಹರಿಯದೆ, ಇಂಗದೆ ನಿಂತರೆ ಎಷ್ಟು ಎತ್ತರವಾದೀತೋ ಅದೇ ಮಳೆಯ ಅಳತೆ. ಬೆಳಿಗ್ಗೆ 8-30ರಿಂದ ಮರುದಿನ 8-30ರವರೆಗೆ ಒಂದು ದಿನದ ಲೆಕ್ಕ. ಅದು 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ.

2005ರ ಜುಲೈ 26ರ ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆಯವರೆಗೆ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರ್, ಸಾಂತಾಕ್ರೂಜ್‌ನಲ್ಲಿ 944. ಕಚೇರಿಯ ಕಿಟಕಿಯಿಂದ ಕಂಡ ಮಳೆಯನ್ನು ನಂಬಿ ಹೊರಟವರಿಗೆ ಮುಂದೆ ರೈಲೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ನೂರಾರು ಜನ ಪ್ರಾಣ ಕಳೆದುಕೊಂಡರು.

ಮುನ್ಸೂಚನೆಯ ಜೊತೆಗೆ ಕಡಲಿನ ಉಬ್ಬರದ ವೇಳೆಯನ್ನೂ ತಿಳಿದಿರಬೇಕು. ಉಬ್ಬರವಿದ್ದಾಗ ಚರಂಡಿಯ ನೀರು ಕಡಲಿಗಿಳಿಯದೆ ಬೀದಿಯಲ್ಲೇ ನಿಲ್ಲುತ್ತದೆ. ಕೆಂಪು ಎಚ್ಚರಿಕೆಯ ದಿನ ದಾರಿ ಮುಳುಗಿದ್ದರೆ ಇದ್ದಲ್ಲೇ ಎತ್ತರದ ಜಾಗದಲ್ಲಿ ರಾತ್ರಿ ಕಳೆಯುವುದು ಲೇಸು. ಒಂದು ದಿನದ ಕೂಲಿ ಹೋದರೆ ಮತ್ತೆ ದುಡಿದೇವು.